ಎಡಗಡೆಯ ತಂಬಿಗೆ

ಫಹಾಹೀಲ್, ಕುವೈತ್
೧೨ ನವೆಂಬರ್ ೨೦೨೪, ಮಂಗಳವಾರ

ಮುದ್ದಿನ ಮಗಳು ಶ್ರುತಿಗೆ,

ಹೇಗಿದ್ದೀಯವ್ವಾ? ಹೈದರಾಬಾದಿನ ಖಾರಕ್ಕೆ ಹೊಟ್ಟೆ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಪ್ರಯೋಗಾಲಯವೇನೂ ಓಡಿಹೋಗುವುದಿಲ್ಲ. ನಾವಿಬ್ಬರೂ ಆರಾಮ. ನನ್ನ ಜೊತೆ ಕೆಲಸ ಮಾಡುವ ರೋಹಿದಾಸ ರಜೆಗೆ ಆ ಕಡೆಯೇ ಹೊರಟಿದ್ದಾನೆ. ಖರ್ಜೂರದ ಜೊತೆ ಈ ಪತ್ರವನ್ನೂ ತರುತ್ತಾನೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀ? "ಅಪ್ಪಾಜಿ, ಕಣ್ಣು ತೋರಿಸಿದ್ರೋ ಇಲ್ಲೋ?" ಅದೊಂದೇ ರಾಗ.

ಹೋದ ಶುಕ್ರವಾರ ನಮ್ಮ ಕನ್ನಡದವರ ಕೂಟದಲ್ಲಿ ನಿನ್ನ ಭಾಷಣದ ವಿಡಿಯೊವನ್ನು ದೊಡ್ಡ ಟಿ.ವಿ.ಗೆ ಹಾಕಿಸಿದೆ. ನಡುನಡುವೆ ನಿಲ್ಲಿಸಿ ನಾನೇ ಬಿಡಿಸಿ ಹೇಳಿದೆ: ಕಣ್ಣೊಳಗೆ ಒಂದು ನೀರು ಹುಟ್ಟುತ್ತಲೇ ಇರುತ್ತದೆ, ಅದು ಕಣ್ಣೀರಲ್ಲ, ಮೂಲೆಯ ಸಣ್ಣ ಜಾಲರಿಯಲ್ಲಿ ಸೋಸಿ ಹೊರಗೆ ಹೋಗುತ್ತದೆ. ಜಾಲರಿಯ ಜೀವಕೋಶಗಳು ತಮ್ಮ ಸುತ್ತ ನಾರಿನಂಥ, ಅಂಟಿನಂಥ ಅಣುಗಳನ್ನು ನೇಯುತ್ತವೆ, ಹಳತಾದದ್ದನ್ನು ತಾವೇ ಬಿಚ್ಚುತ್ತವೆ. ಬಿಚ್ಚುವುದು ಕಡಿಮೆಯಾಗಿ ನೇಯುವುದೇ ಹೆಚ್ಚಾದರೆ ಜಾಲರಿ ಪೆಡಸಾಗಿ ನೀರು ಕಟ್ಟಿಕೊಳ್ಳುತ್ತದೆ, ಒತ್ತಡ ಏರಿ ಕಣ್ಣಿನ ನರ ಸಾಯುತ್ತದೆ. ನಿನ್ನ ಅಜ್ಜನ ಕಣ್ಣು ಹೋದದ್ದು ಹೀಗೆಯೇ ಎಂದು ನೀನು ಹೇಳುವುದನ್ನು ಎರಡೆರಡು ಸಲ ಹಾಕಿಸಿದೆ. ಮಂಗಳೂರಿನ ನರ್ಸ್ ಲೂರ್ಡ್ಸ್, "ಎಂಥ ಮಗಳು ಮಾರಾಯ್ರೆ ನಿಮ್ಮದು!" ಅಂದರು. ನನ್ನ ಎದೆ ಗೇಣು ಉಬ್ಬಿತು, ಸುಳ್ಳೇಕೆ ಹೇಳಲಿ.

ಇನ್ನು ನನ್ನ ಕಣ್ಣಿನ ಚಿಂತೆ ಬಿಡು. ಚಿಕ್ಕಂದಿನಿಂದ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟವನು ನಾನು. ಈಗಂತೂ ಪೂಜೆಗೆ ಕೂತರೆ ಲಿಂಗವೊಂದೇ ಕಾಣುತ್ತದೆ, ಆಚೀಚೆಯದೆಲ್ಲ ಅಳಿಸಿಹೋಗುತ್ತದೆ. ಇಂಥ ಏಕಾಗ್ರತೆ ಎಷ್ಟು ಜನರಿಗೆ ಸಿದ್ಧಿಸುತ್ತದೆ ಹೇಳು? ನಿನ್ನ ಅವ್ವನಿಗೆ ಇದರ ಬೆಲೆ ಗೊತ್ತಿಲ್ಲ. ಎಡಗಡೆಯ ತಂಬಿಗೆಯನ್ನು ಮತ್ತೆ ಉರುಳಿಸಿದೆನೆಂದು, "ಪೂಜಿ ಮುಗದು ಎಷ್ಟೊತ್ತಾತು, ಇನ್ನೂ ತಂಬಿಗಿ ಕಾಣವಲ್ದೇನ್ರೀ?" ಎಂದು ರೇಗುತ್ತಾಳೆ.

ಅವ್ವನ ಮುತ್ತು, ನನ್ನ ಹರಕೆ ಎರಡೂ ನಿನ್ನ ನೆತ್ತಿಯ ಮೇಲಿರಲಿ.

ನಿನ್ನ ಹೆಮ್ಮೆಯ ಅಪ್ಪ,
ಬಸಲಿಂಗಯ್ಯ

ತಾ.ಕ.: ಗುರುವಾರ. ರೋಹಿದಾಸ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಏಕಾಗ್ರತೆಯ ಮಾತು ಬಂದದ್ದೇ ತಡ, ಅವಳು ನಿನ್ನ ವಿಡಿಯೊ ಹಾಕಿ, ಮೊದಲು ಹೋಗುವುದು ಪಕ್ಕದ ನೋಟ ಎಂದು ನೀನು ಹೇಳುವಲ್ಲಿಗೆ ತಂದು ನಿಲ್ಲಿಸಿದಳು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದೆವು. ಒತ್ತಡ ಹೆಚ್ಚಿದೆಯಂತೆ, ಎಡಗಣ್ಣಿನ ಪಕ್ಕದ ನೋಟ ಹೋಗಿದೆಯಂತೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದ ಹನಿಯಿಂದ ಉಳಿಸಿಕೊಳ್ಳಬಹುದು. ಅಳಬೇಡವ್ವಾ. "ಇನ್ನೂ ತಡವಾಗಿಲ್ಲ, ನಿಮ್ಮನ್ನು ಯಾರು ಕಳಿಸಿದರು?" ಎಂದು ಡಾಕ್ಟರು ಕೇಳಿದರು. ನಿನ್ನ ಹೆಸರನ್ನು ಇಡೀ ದವಾಖಾನೆಗೆ ಕೇಳುವ ಹಾಗೆ ಹೇಳಿದೆ.