ಬರ್ಗರಿನೊಳಗಿನ ಈರುಳ್ಳಿ

ಬಿಷ್ಕೆಕ್, ೧೨ ಅಕ್ಟೋಬರ್, ಭಾನುವಾರ

ಇವತ್ತು ಮಗನಿಗೆ ಸುಳ್ಳು ಹೇಳಿದೆ. ಈ ವಯಸ್ಸಿನಲ್ಲಿ, ಒಂದು ಬರ್ಗರಿಗಾಗಿ.

ಏಳುನೂರು ಸೋಮ್! ಅಷ್ಟು ದುಡ್ಡು ಸುರಿಯುವುದು ಮೂರ್ಖತನ ಎಂದು ಆರು ವರ್ಷದಿಂದ ಇಲ್ಲಿನ ಅಮೆರಿಕನ್ನರಿಗೆಲ್ಲ ಬುದ್ಧಿ ಹೇಳುತ್ತ ಬಂದವಳು ನಾನು. ಮಗ ವೇಡ್ ಬಿಡದೆ ಹೋಟೆಲಿಗೆ ಕರೆದೊಯ್ದ. ಮೊದಲ ತುತ್ತಿಗೇ ಗುರುತು ಸಿಕ್ಕಿತು. ಮಾಂಸದಷ್ಟೇ ಈರುಳ್ಳಿ, ಹೆಂಚಿನ ಮೇಲೆ ಒತ್ತಿ ಕೆಂಪಗೆ ಹುರಿದದ್ದು. ಓಕ್ಲಹೋಮದಲ್ಲಿ ಅಮ್ಮ ಮಾಡುತ್ತಿದ್ದದ್ದೇ.

ಅಡುಗೆಯವಳನ್ನು ಕರೆಸಿದೆ. "ಇಷ್ಟೊಂದು ಈರುಳ್ಳಿ ಯಾಕಮ್ಮಾ?"

"ಮಂತಿ ಕಡುಬಿಗೆ ಹಾಕಲ್ವಾ ಅಜ್ಜಿ, ಹಂಗೇ. ಮಾಂಸ ಕಮ್ಮಿ ಇದ್ರೂ ಎಲ್ಲರ ಹೊಟ್ಟೆ ತುಂಬುತ್ತೆ."

ನಮ್ಮ ಮನೆಯ ಗುಟ್ಟನ್ನು ಆಕೆ ನಗುತ್ತ ಹೇಳಿಬಿಟ್ಟಳು. ಏಳು ಮಕ್ಕಳಿಗೆ ಮಾಂಸ ಸಾಲದೆ ಅಮ್ಮ ಈರುಳ್ಳಿ ಸೇರಿಸುತ್ತಿದ್ದಳು. ನನ್ನ ಮಕ್ಕಳಿಗೆ ನಾನು ಅದು ನಮ್ಮ ಮನೆತನದ ರುಚಿ ಎಂದೆ. ಬಡತನ ಎನ್ನಲಿಲ್ಲ.

"ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೇ?" ಅಂದ ವೇಡ್.

"ಶುದ್ಧ ದಂಡ," ಅಂದೆ.

"ಅದಕ್ಕೇ ತಟ್ಟೆ ತೊಳೆದಂಗೆ ಖಾಲಿ ಆಗಿದೆ!"

ಅಮ್ಮನ ತಟ್ಟೆಗೆ ಕೊನೆಗೆ ಉಳಿಯುತ್ತಿದ್ದದ್ದು ಹೆಂಚಿಗಂಟಿದ ಈರುಳ್ಳಿ ಮಾತ್ರ. ನನಗೆ ಇದೇ ಇಷ್ಟ ಎನ್ನುತ್ತಿದ್ದಳು. ನಾವು ನಂಬಿದೆವು. ಸುಳ್ಳು ನನಗೆ ಅವಳಿಂದಲೇ ಬಂದಿರಬೇಕು. ವೇಡ್‌ಗೆ ಅವಳ ವಿಷಯ ಒಂದು ದಿನ ಕೂತು ಹೇಳಬೇಕು.