ನನಗೆ ಕೊಡದ ಚಕ್ಕರ್

ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು ಆಗಿದ್ದ ನಿನಗೆ, ಮಗಳು ಜಯ ಬರೆಯುವುದು.

ಸರಗೂರಿನಾಚೆ ಕಾಡಂಚಿನ ನಮ್ಮ ಶಾಲೆಯಲ್ಲಿ ನೀನು ಹಾಜರಿ ಕೂಗುತ್ತಿದ್ದದ್ದು ನೆನಪಿದೆಯಾ? ಹೇಳಿ ಹೋದವರಿಗೆ ‘ರಜ’. ಹೇಳದೆ ಕೇಳದೆ ತಪ್ಪಿಸಿಕೊಂಡವರಿಗೆ ‘ಚಕ್ಕರ್’. ಕಾಡಿನ ಜನರ ಹಾಡಿಯ ಹುಡುಗ ಬೊಮ್ಮನ ಹೆಸರು ಬಂದರೆ ಸಾಕು, ಇಡೀ ತರಗತಿ “ಚಕ್ಕರ್ ಸಾ!” ಅನ್ನುತ್ತಿತ್ತು. ನೀನು ಬೆತ್ತ ಹುಡುಕುತ್ತಿರಲಿಲ್ಲ, ಸೈಕಲ್ ಹತ್ತುತ್ತಿದ್ದೆ. ನಮಗೆ ಮಗ್ಗಿ ಬರೆಯಲು ಹೇಳಿ ಹಾಡಿಗೆ ಹೋಗಿ, ಅವನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ನಗುನಗುತ್ತಾ ಬರುತ್ತಿದ್ದೆ. ಆ ನಗುವನ್ನು ಮನೆಯಲ್ಲಿ ಎಲ್ಲಿ ಬಚ್ಚಿಡುತ್ತಿದ್ದೆಯೋ! ನನಗೆ ಹೊಟ್ಟೆ ಉರಿಯುತ್ತಿತ್ತು ಅಪ್ಪ. ಒಂದು ದಿನವೂ ತಪ್ಪಿಸದ ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದೆ. ಕಣ್ಣೆದುರಿಗೆ ಇದ್ದವಳನ್ನು ಯಾರು ಹುಡುಕುತ್ತಾರೆ?

ಒಂದು ದಿನ ನಾನೂ ಚಕ್ಕರ್ ಹೊಡೆದೆ. ರಸ್ತೆ ಪಕ್ಕದ ಹುಲ್ಲಿನ ಮೆದೆಯ ಹಿಂದೆ ಕೂತೆ. ನೀನು ಬಂದು “ಜಯಾ” ಅಂತ ಕೂಗಲಿ, ಬೇಕಾದರೆ ಎರಡೇಟು ಕೊಡಲಿ, ಆದರೆ ಹುಡುಕಿಕೊಂಡು… ಸೈಕಲ್ ಬಂತು. “ಬೊಮ್ಮಾ, ಲೋ ಬೊಮ್ಮಾ” ಎನ್ನುತ್ತಾ ನನ್ನನ್ನು ದಾಟಿ ಹೋದೆಯಲ್ಲ! ಸಂಜೆ ನನ್ನ ಗೆಳತಿ ಗೌರಿ ಹೇಳಿದಳು: “ನಿನ್ನೆಸ್ರಿಗೂ ಚಕ್ಕರ್ ಸಾ ಅಂದೊ ಕಣೆ. ‘ನನ್ ಮಗ್ಳು ಚಕ್ಕರ್ ಒಡೆಯಾಕಿಲ್ಲ, ಅವ್ರವ್ವ ಏನೋ ಕೆಲ್ಸ ಯೋಳಿರ್ತಾಳೆ, ರಜ’ ಅಂದ್ಬುಟ್ರು.” ಆ ಪದವನ್ನೂ ನೀನು ನನಗೆ ಕೊಡಲಿಲ್ಲ. ಅದೂ ಬೊಮ್ಮನದೇ ಸ್ವತ್ತು.

ನಿನಗೆ ಗೊತ್ತಾಗದೇ ಹೋದದ್ದು ಒಂದಿದೆ. ನಿನ್ನ ತಿಥಿಗೆ ಬೊಮ್ಮ ಬಂದಿದ್ದ. ಯಾರೂ ಕರೆದಿರಲಿಲ್ಲ. ನನಗಿಂತ ಜೋರಾಗಿ ಅತ್ತ, ಅದಕ್ಕೂ ನನಗೆ ಸಿಟ್ಟು. ಉಂಡು ಕೈತೊಳೆದು ಬಂದವನು ಪಕ್ಕದಲ್ಲಿ ಕೂತು ಅಂದ: “ಜಯಕ್ಕ, ಚಿಕ್ಕೋರಾಗಿದ್ದಾಗ ನಿನ್ ಕಂಡ್ರೆ ನಂಗೆ ಒಟ್ಟೆಕಿಚ್ಚು ಕಣಕ್ಕ. ಹಾಡಿಯಿಂದ ಇಸ್ಕೂಲ್ಗಂಟ ಮೇಷ್ಟ್ರದು ನಿನ್ ಮಾತೇಯ. ‘ನಮ್ ಜಯನ್ ನೋಡಿ ಕಲೀಲಾ, ಅಂಥ ಮಗ್ಳು ಯಾರ್ಗವ್ಳೆ’ ಅಂತ. ಕೇಳಿ ಕೇಳಿ ಸಾಕಾಗಿ ಮಾರ್ನೇ ದಿನಾನೂ ಚಕ್ಕರ್ ಒಡೀತಿದ್ದೆ.”

ನಕ್ಕುಬಿಟ್ಟೆ ಅಪ್ಪ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ. ಆ ಮಾತನ್ನು ನನ್ನೆದುರಿಗೆ ಒಂದೇ ಒಂದು ಸಲ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನನ್ನ ಹೊಗಳಿಕೆಯನ್ನೂ ಅವನ ಕಿವಿಗೇ ಹಾಕಿ ಹೋದೆಯಲ್ಲ!