ಹದಿನಾಲ್ಕನೇ ನಂಬರಿನ ದೋಣಿ

ಫೆಬ್ರವರಿ ೧೯, ಅಂಗಡಿ ಮುಚ್ಚುವ ಹೊತ್ತು

ಗಿರಾಕಿಗಳು ಕಡಿಮೆ. ಒಬ್ಬರು ಕನ್ನಡಕದ ಮೇಲೆ ಕೂತು ಮುರಿದು ತಂದಿದ್ದರು. ತಪ್ಪು ಕನ್ನಡಕದ್ದೇ ಎಂದು ವಾದ ಬೇರೆ. ಇನ್ನೊಬ್ಬರಿಗೆ ಕಣ್ಣು ಪರೀಕ್ಷೆ. ಬೋರ್ಡಿನ ಕೊನೆಯ ಸಾಲು ಕಾಣದು, ಆದರೂ ಓದಿದಂತೆ ನಟನೆ. ಎಲ್ಲರೂ ಹಾಗೇ.

ಷಡ್ಡಕರ ಫೋನು, ಬೆಳಗಿನಿಂದ ಮೂರನೆಯದು. ಇವಳ ಅಕ್ಕನ ಗಂಡ. ಆರು ಹಡಗು ಹತ್ತಿ ಇಳಿದವರು, ಇದು ಏಳನೆಯದು. ನಮಗೆ ಮೊದಲನೆಯದು. ಅವರಿದ್ದಾರೆಂದೇ ಹೊರಟಿರುವುದು, ಅವರಿದ್ದಾರಲ್ಲ ಎಂದೇ ಭಯ.

"ಹೋದ ಹಡಗಲ್ಲಿ ದಿಂಬು ನಾಲ್ಕು ಥರ ಇತ್ತು. ಇದರಲ್ಲಿ ಎರಡೇ ಅಂತೆ. ನೀವು ಮನೆಯಿಂದ ಒಂದು ತಂದುಬಿಡಿ."

ದಿಂಬು ಹೊತ್ತುಕೊಂಡು ಹಡಗು ಹತ್ತುವುದೇ. ಹೂಂ ಅಂದೆ.

ಇವಳದು ಒಂದೇ ಆಸೆ. ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ — ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಸಮುದ್ರ ಕಾಣಬೇಕು. ಆಗಲೇ ಅಕ್ಕನಿಗೆ ಫೋನಿನಲ್ಲಿ ಹೇಳಿಯೂ ಆಯಿತು: "ನಮ್ದೂ ಸಮುದ್ರ ಕಾಣೋ ರೂಮೇ ಕಣೇ." ಆ 'ನಮ್ದೂ' ಅನ್ನುವಾಗ ಇವಳ ಕುತ್ತಿಗೆ ಒಂದಿಂಚು ಉದ್ದವಾಗಿತ್ತು. ಚಿಕ್ಕಂದಿನಿಂದ ಅಕ್ಕ ಉಟ್ಟು ಬಿಟ್ಟ ಬಟ್ಟೆ, ಅಕ್ಕ ಓದಿ ಬಿಟ್ಟ ಪುಸ್ತಕ, ಅಕ್ಕ ತುಳಿದು ಬಿಟ್ಟ ಸೈಕಲ್. ಸರಿಸಮವಾಗಿ 'ನಮ್ದೂ' ಅನ್ನುವ ಯೋಗ ಇದೇ ಮೊದಲು.

ರೂಮು ಬುಕ್ ಮಾಡಿದ್ದು ನಾನೇ. ಇಬ್ಬರು ಗಿರಾಕಿಗಳ ನಡುವೆ, ಅಂಗಡಿಯ ಕಂಪ್ಯೂಟರಿನಲ್ಲಿ. ಆರನೇ ಮಹಡಿ, ಹಡಗಿನ ನಟ್ಟನಡುವೆ, ದೊಡ್ಡ ಕಿಟಕಿ. ಬೇರೆಯವಕ್ಕಿಂತ ಅಗ್ಗ. ಷಡ್ಡಕರ ಸಲಹೆ ಇಲ್ಲದೆ ನಾನು ಮಾಡಿದ ಒಂದೇ ಕೆಲಸ. ಜಂಬ ಇದೆ, ಇಲ್ಲ ಅನ್ನುವುದಿಲ್ಲ.

ಮಾರ್ಚ್ ೩, ಮಧ್ಯಾಹ್ನ

ಹಡಗಿನಲ್ಲಿದ್ದೇವೆ. ಬಾಗಿಲ ಕಡೆ ಮುಖ ಮಾಡಿಕೊಂಡು ಬರೆಯುತ್ತಿದ್ದೇನೆ, ಇವಳ ಕಡೆ ನೋಡುವ ಧೈರ್ಯ ಇಲ್ಲ.

ರೂಮು ಚೆನ್ನಾಗಿದೆ. ಮೆತ್ತನೆ ಕಾರ್ಪೆಟ್, ಬಿಳಿ ಹಾಸಿಗೆ. ಅದರ ಮೇಲೆ ಟವೆಲ್ಲಿನಲ್ಲಿ ಮಾಡಿದ ಪ್ರಾಣಿ. ನಾನು ಆನೆ ಅಂದೆ, ಇವಳು ಮೊಲ ಅಂದಳು. ಪರದೆ ಮುಚ್ಚಿತ್ತು.

ಇವಳು ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಮಲಗಿದಳು. ದಿಂಬು ಸರಿ ಮಾಡಿಕೊಂಡು, "ಈಗ ಎಳೀರಿ" ಅಂದಳು.

ಎಳೆದೆ. ಕಿತ್ತಳೆ ಬಣ್ಣ. ಕಿಟಕಿ ತುಂಬ, ಈ ತುದಿಯಿಂದ ಆ ತುದಿಗೆ. ಅಪಾಯ ಬಂದರೆ ಜನ ಹತ್ತುವ ದೋಣಿ, ಗಾಜಿನಿಂದ ಎರಡು ಮಾರು ದೂರದಲ್ಲಿ ತೂಗುತ್ತಿದೆ. ಮೈಮೇಲೆ ೧೪ ಎಂದು ಬರೆದಿದೆ. ನನ್ನ ಅಂಗಡಿಯ ಬೋರ್ಡಿನ ಮೊದಲ ಸಾಲಿಗಿಂತ ದೊಡ್ಡ ಅಕ್ಷರ.

"ಸಮುದ್ರ ಎಲ್ಲಿ?"

"ಅದರ ಹಿಂದೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಅದೇ ಕಷ್ಟ. ಎದ್ದು ಕೂತಳು. ಮುಖ ಸಣ್ಣಗಾಗಿತ್ತು. ಒಂದೇ ಮಾತು: "ಅಕ್ಕನಿಗೆ ಗೊತ್ತಾಗಬಾರದು."

ಕೆಳಗೆ ಕೌಂಟರಿಗೆ ಓಡಿದೆ. ಹಡಗು ಭರ್ತಿ, ಒಂದು ರೂಮೂ ಖಾಲಿ ಇಲ್ಲ. ಅಲ್ಲಿದ್ದಾಕೆ ಬಹಳ ವಿನಯದಿಂದ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನಾನು ಬುಕ್ ಮಾಡಿದ ಪುಟವೇ. ಕೊನೆಯ ಸಾಲು, ಇರುವೆಗಾತ್ರದ ಅಕ್ಷರ — ನೋಟಕ್ಕೆ ಅಡ್ಡಿ ಇರುತ್ತದೆ. ಊರಿಗೆಲ್ಲ ಕೊನೆಯ ಸಾಲು ಓದಿಸುವವನು ನಾನು.

ಅದೇ ದಿನ, ಊಟದ ನಂತರ

ಷಡ್ಡಕರ ರೂಮಿಗೆ ಹೋಗಿದ್ದೆವು. ಹತ್ತನೇ ಮಹಡಿ. ಬಾಲ್ಕನಿ, ಎರಡು ಕುರ್ಚಿ, ಕಾಫಿ ಯಂತ್ರ, ತೂಗುಹಾಕಿದ ಬಿಳಿ ನಿಲುವಂಗಿ. ಎದುರಿಗೆ ಸಮುದ್ರ — ಏನೂ ಅಡ್ಡವಿಲ್ಲದ, ಪೂರ್ತಿ ಸಮುದ್ರ. ಇವಳು ಒಂದು ಕ್ಷಣ ನೋಡಿ, ಕಾಫಿ ಯಂತ್ರ ಹೊಗಳಲು ಶುರು ಮಾಡಿದಳು.

ಷಡ್ಡಕರಿಗೆ ಸಮಾಧಾನವಿಲ್ಲ. ಹೋದ ಹಡಗಲ್ಲಿ ಹಾಸಿಗೆ ಇನ್ನೂ ಮೆತ್ತಗಿತ್ತು. ಅದಕ್ಕೂ ಹಿಂದಿನದರಲ್ಲಿ ವಿಸ್ಕಿ ಧಾರಾಳವಾಗಿ ಸುರಿಯುತ್ತಿದ್ದರು, ಇಲ್ಲಿ ಬಾರಿನವನ ಕೈ ಬಿಗಿ, ಔಷಧ ಅಳೆದಂತೆ ಅಳೆಯುತ್ತಾನೆ. ಅದೇ ವಿಸ್ಕಿ ಈಜುಕೊಳದ ಹತ್ತಿರ ಪ್ಲಾಸ್ಟಿಕ್ ಲೋಟದಲ್ಲಿ, ಒಂಬತ್ತನೇ ಮಹಡಿಯ ಬಾರಿನಲ್ಲಿ ಗಾಜಿನ ಲೋಟದಲ್ಲಿ. "ಲೋಟ ಬದಲಾದ್ರೆ ರುಚಿ ಬದಲಾಗತ್ತೆ, ಗೊತ್ತಾ ನಿಮಗೆ? ಪ್ರೀಮಿಯಂ ಅಂತ ಎಲ್ಲರೂ ಬರ್ಕೋತಾರೆ. ಐಸು ನೋಡಿದ್ರೆ ಸಾಕು, ಹಡಗು ಯಾವ ದರ್ಜೆಯದು ಅಂತ ಹೇಳಿಬಿಡ್ತೀನಿ."

ಇಲ್ಲಿ ಇನ್ನೊಂದು ನಿಯಮ. ರೂಮಿನಲ್ಲಿ ಒಬ್ಬರು ಒಮ್ಮೆ ಹಣ ಕಟ್ಟಿ ಬೇಕಾದಷ್ಟು ಕುಡಿಯುವ ಡ್ರಿಂಕ್ಸ್ ಪ್ಯಾಕೇಜು ತೆಗೆದುಕೊಂಡರೆ ಇನ್ನೊಬ್ಬರೂ ತೆಗೆದುಕೊಳ್ಳಲೇಬೇಕು. ಹಾಗಾಗಿ ಏನೂ ಕುಡಿಯದ ಅಕ್ಕನ ಬಳಿಯೂ ಕಾರ್ಡು ಇದೆ. ಅದನ್ನು ತೋರಿಸಿ ಎಲ್ಲ ಬಾರುಗಳಲ್ಲೂ ಬಿಸಿನೀರು ಕೇಳುತ್ತಾರೆ. ನಾನೂ ಷಡ್ಡಕರ ಒತ್ತಾಯಕ್ಕೆ ಪ್ಯಾಕೇಜು ತೆಗೆದುಕೊಂಡಿದ್ದೇನೆ, ಹಾಗಾಗಿ ಇವಳಿಗೂ ಬಂದಿದೆ. ಇವಳು ಮಾತ್ರ ಅನಾನಸ್ ಸಿಕ್ಕಿಸಿದ ಯಾವುದೋ ಹಳದಿ ಜ್ಯೂಸು ಕಂಡುಹಿಡಿದಿದ್ದಾಳೆ, ಮೂರು ಕುಡಿದಳು.

ನಮ್ಮ ರೂಮಿನ ವಿಚಾರಣೆಯೂ ಆಯಿತು. ಹಾಸಿಗೆ ಹೇಗಿದೆ, ನಲ್ಲಿ ನೀರು ಜೋರಾಗಿ ಬರುತ್ತದೆಯೇ, ಲಿಫ್ಟಿನ ಸದ್ದು ಕೇಳುತ್ತದೆಯೇ. ಕಿಟಕಿಯ ಬಗ್ಗೆ ಮಾತ್ರ ಕೇಳಲಿಲ್ಲ. ಕೇಳುವುದಕ್ಕೆಂದೇ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಂತೆ ಕಂಡಿತು. ಬದುಕಿದೆವು.

ಹೊರಡುವಾಗ ಅಕ್ಕ ಇವಳ ಕೈ ಹಿಡಿದರು. "ನಾಳೆ ಮಧ್ಯಾಹ್ನ ನಿನ್ ರೂಮಿಗೆ ಬರ್ತೀನಿ ಕಣೇ. ಸುಮ್ನೆ ಮಲ್ಕೊಂಡಿರೋಣ."

ಇವಳು ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿದೆ.

ಮಾರ್ಚ್ ೪, ಬೆಳಿಗ್ಗೆ

ದೋಣಿಯೊಳಗೆ ಮನುಷ್ಯ ಇದ್ದಾನೆ.

ಸ್ನಾನ ಮಾಡಿ ಟವೆಲ್ಲಿನಲ್ಲಿ ಹೊರಬಂದೆ. ಕಿಟಕಿಯ ಆಚೆ ನಾವಿಕನೊಬ್ಬ ದೋಣಿಯ ಕೊಕ್ಕೆಗಳಿಗೆ ಎಣ್ಣೆ ಹಾಕುತ್ತಿದ್ದ. ಮುಖಾಮುಖಿ. ನಾನು ಪರದೆಯ ಕಡೆ ಹಾರಿದೆ. ಇವಳು ಹಾಸಿಗೆಯಲ್ಲಿ ಟೀ ಕುಡಿಯುತ್ತ ಅವನಿಗೆ ಕೈ ಬೀಸುತ್ತಿದ್ದಳು. ಅವನೂ ಎಣ್ಣೆ ಡಬ್ಬಿ ಎತ್ತಿ ನಮಸ್ಕಾರದಂತೆ ಮಾಡಿದ.

"ಸಮುದ್ರ ಇಲ್ದಿದ್ರೆ ಏನು, ನಾವಿಕ ಆದ್ರೂ ಇದಾನೆ" ಅಂದಳು. ನಕ್ಕಳು, ಆದರೆ ನಗು ಕಣ್ಣಿನ ತನಕ ಬರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು.

ಸಂಜೆ

ಅಕ್ಕ ಬಂದರು. ಇವಳು ಬಾಗಿಲನ್ನು ಒಂದು ಗೇಣು ತೆರೆದು "ರೂಮ್ ಕ್ಲೀನ್ ಮಾಡ್ತಿದಾರೆ ಅಕ್ಕಾ" ಅಂದಳು. ಒಳಗೆ ಇದ್ದವನು ನಾನೊಬ್ಬನೇ. ಗುಡಿಸುವಂತೆ ಸದ್ದು ಮಾಡಿ ಎಂದು ನನಗೆ ಕೈಸನ್ನೆ. ಬಟ್ಟೆಯ ಬ್ರಷ್ಷಿನಿಂದ ಕಾರ್ಪೆಟ್ ಉಜ್ಜಿದೆ.

ಮಾರ್ಚ್ ೫

ಅಕ್ಕ ಮತ್ತೆ ಬಂದರು. ಈ ಸಲ ನಾನು ನಿದ್ದೆ ಮಾಡುತ್ತಿದ್ದೆ, ಅಂದರೆ ಮಾಡುತ್ತಿದ್ದೇನೆಂದು ಹೇಳಲಾಯಿತು. ಅಕ್ಕ ಹೂಂ ಅಂದು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೋದರು. ಹೆಜ್ಜೆ ನಿಧಾನ ಇತ್ತು.

ಮಾರ್ಚ್ ೬, ಮಧ್ಯಾಹ್ನ

ಇವತ್ತು ಬಫೆಯಲ್ಲಿ ಅಕ್ಕ ನೇರವಾಗಿ ಕೇಳಿದರು. "ಊಟ ಆದ್ಮೇಲೆ ಬರ್ಲಾ?"

ಇವಳಿಗೆ ಸುಳ್ಳು ಮುಗಿದಿತ್ತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಹೇಳಿದಳು: "ಇವ್ರಿಗೆ ಹೊಟ್ಟೆ ಸರಿ ಇಲ್ಲ ಅಕ್ಕಾ. ಬೆಳಗಿಂದ ಬಾತ್‌ರೂಮಲ್ಲೇ ಇದಾರೆ."

ನಾನು ಆಗ ಎರಡನೇ ತಟ್ಟೆ ತಿನ್ನುತ್ತಿದ್ದೆ. ಚಮಚ ಕೆಳಗಿಟ್ಟೆ. ಹೊಟ್ಟೆ ಹಿಡಿದುಕೊಂಡೆ. ಗಂಡನಾದವನು ಇನ್ನೇನು ಮಾಡಲಾದೀತು.

ಷಡ್ಡಕರ ಮುಖ ಬದಲಾಯಿತು. "ಹೊಟ್ಟೆನಾ? ಎಷ್ಟು ಸಲ? ಮೂರನೇ ಹಡಗಲ್ಲಿ ಹೀಗೇ ಒಬ್ಬರಿಂದ ಶುರುವಾಗಿದ್ದು..." ಮಾತು ಮುಗಿಸಲಿಲ್ಲ. ಎದ್ದು ಹೊರಟೇಬಿಟ್ಟರು. ಲೈಮ್ ಸೋಡ ತರುತ್ತಾರೆ ಅಂದುಕೊಂಡೆ.

ನರ್ಸನ್ನು ಕರೆತಂದರು.

ಹಡಗಿನಲ್ಲಿ ಹೊಟ್ಟೆಯ ವಿಷಯ ತಮಾಷೆ ಅಲ್ಲವಂತೆ. ಒಬ್ಬರಿಂದ ಒಬ್ಬರಿಗೆ ಹರಡಿ ಹಡಗೆಲ್ಲ ಮಲಗಿಬಿಡುತ್ತದಂತೆ. ಮಾಸ್ಕು, ಕೈಗವುಸು, ಹಿಂದೆ ಔಷಧ ಸಿಂಪಡಿಸುವವನು. ನಾನು ಕೂತಿದ್ದ ಕುರ್ಚಿಗೂ ಸಿಂಪಡಿಸಿದ. ನನಗೇನೂ ಆಗಿಲ್ಲ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದಳು ನರ್ಸ್. ನಿಜ ಹೇಳಲು ಬಾಯಿ ತೆರೆದೆ. ಎದುರಿಗೆ ಅಕ್ಕ ನಿಂತಿದ್ದರು. ಅವರ ಪಕ್ಕದಲ್ಲಿ ಇವಳು, ಕಣ್ಣಲ್ಲೇ ಕೈಮುಗಿಯುತ್ತ.

ಬಾಯಿ ಮುಚ್ಚಿದೆ. ರೂಮು ಬಿಟ್ಟು ಕದಲುವಂತಿಲ್ಲ. ಯಾರೂ ಒಳಗೆ ಬರುವಂತಿಲ್ಲ. ಇವಳಿಗೆ ಕೈ ತೊಳೆದುಕೊಂಡು ಓಡಾಡಲು ಅಪ್ಪಣೆ.

ಮಾರ್ಚ್ ೭

ದೋಣಿ. ನಾನು. ದೋಣಿ.

ಬೆಳಿಗ್ಗೆ ಸಪ್ಪೆ ಸೂಪು, ಒಣ ಬ್ರೆಡ್ಡು. ಮಧ್ಯಾಹ್ನ ಒಣ ಬ್ರೆಡ್ಡು, ಸಪ್ಪೆ ಸೂಪು. ಕುಡಿಯಲು ಉಪ್ಪು-ಸಕ್ಕರೆ ನೀರು, ಮೂರು ಬಣ್ಣದಲ್ಲಿ. ಮೂರೂ ಒಂದೇ ರುಚಿ. ಬಿಯರ್ ತರಿಸಲು ನೋಡಿದೆ, ನನ್ನ ಕಾರ್ಡು ನಿಲ್ಲಿಸಿದ್ದಾರೆ.

ಬಾಗಿಲ ಆಚೆಯಿಂದ ಷಡ್ಡಕರ ಕೂಗು: "ಉಪ್ಪುನೀರು ಕೊಟ್ರಾ? ಯಾವ ಬಣ್ಣದ್ದು? ಮೂರನೇ ಹಡಗಲ್ಲಿ ಕಿತ್ತಳೆ ಹಣ್ಣಿನ ವಾಸನೆ ಆದ್ರೂ ಇತ್ತು."

ನಾವಿಕನಿಗೆ ನನ್ನ ಸ್ಥಿತಿ ಅರ್ಥವಾದಂತಿದೆ. ಗಾಜಿನ ಆಚೆಯಿಂದ ಸ್ಯಾಂಡ್‌ವಿಚ್ ಎತ್ತಿ ತೋರಿಸಿದ. ಕರುಣೆಯೋ ಕೀಟಲೆಯೋ ತಿಳಿಯಲಿಲ್ಲ.

ಇವಳು ನ್ಯಾಪ್ಕಿನ್ನಿನಲ್ಲಿ ಕೇಕು ಕದ್ದು ತಂದಳು. ಪಕ್ಕದಲ್ಲಿ ಕೂತಳು. "ನನ್ನ ಒಣಜಂಬಕ್ಕೆ ನೀವು ಉಪವಾಸ" ಅಂದಳು. ಇಲ್ಲ ಮಾರಾಯ್ತಿ, ಕೊನೆಯ ಸಾಲು ಓದದವನು ನಾನು ಅಂದೆ. ಅವಳ ಚಿಂತೆ ಬೇರೆಯೇ ಇತ್ತು. "ಅಕ್ಕ ಇವತ್ತು ನನ್ ಹತ್ರ ಮಾತೇ ಆಡ್ಲಿಲ್ಲ."

ಮಾರ್ಚ್ ೮, ಬೆಳಿಗ್ಗೆ

ನರ್ಸ್ ಬಂದು ನನಗೇನೂ ಇಲ್ಲ ಎಂದಳು. ಅದನ್ನೇ ನಾನೂ ಹೇಳಿದ್ದು. ಬಿಡುಗಡೆ. ಇವತ್ತೊಂದು ದಿನ ದಡಕ್ಕೆ ಮಾತ್ರ ಹೋಗಬೇಡಿ ಅಂತೆ. ಇವಳೂ ಉಳಿದಳು.

ಇಲ್ಲಿ ದಡದ ಹತ್ತಿರ ಆಳ ಸಾಲದು. ಹಡಗು ದೂರದಲ್ಲೇ ನಿಂತಿದೆ. ಜನರನ್ನು ದೋಣಿಯಲ್ಲಿ ಒಯ್ಯುತ್ತಾರಂತೆ. ಯಾವ ದೋಣಿಯಲ್ಲಿ ಎಂದು ನಾವಿಬ್ಬರೂ ಯೋಚಿಸಲಿಲ್ಲ.

ಸ್ವಲ್ಪ ಹೊತ್ತಿನ ನಂತರ

ಗರಗರ ಸದ್ದು. ೧೪ ಅಲುಗಾಡಿತು. ನಾವಿಕ ಒಳಗಿನಿಂದ ಕೈ ಬೀಸಿದ. ದೋಣಿ ಮೆಲ್ಲಗೆ ಕೆಳಗೆ ಇಳಿಯತೊಡಗಿತು. ಮೊದಲು ಕಿಟಕಿಯ ಮೇಲಂಚಿನಲ್ಲಿ ಒಂದು ಗೆರೆ ಆಕಾಶ. ಆಮೇಲೆ ಇನ್ನಷ್ಟು. ಆಮೇಲೆ ನೀರು.

ಪೂರ್ತಿ ಸಮುದ್ರ. ಬಾಲ್ಕನಿಯ ಕಂಬಿಯೂ ಅಡ್ಡವಿಲ್ಲ.

ಇವಳು ಹೋಗಿ ಮಲಗಿದಳು. ದಿಂಬು ಸರಿ ಮಾಡಿಕೊಂಡಳು. ನೋಡಿದಳು. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಮೊದಲ ಸಲ ಬೀದಿಯ ಬೋರ್ಡು ಓದುವವರ ಮುಖ ಹೀಗಿರುತ್ತದೆ.

ಬಾಗಿಲು ತಟ್ಟಿದ ಸದ್ದು. ಅಕ್ಕ. ಮಂಡಿನೋವು, ದೋಣಿ ಹತ್ತಲಾರೆ ಎಂದು ಉಳಿದಿದ್ದಾರೆ. ಷಡ್ಡಕರು ದಡಕ್ಕೆ ಹೋದರು.

ಇವಳು ಓಡಿ ಹೋಗಿ ಬಾಗಿಲನ್ನು ಗೋಡೆಗೆ ಬಡಿಯುವಷ್ಟು ತೆರೆದಳು. "ಬಾ ಅಕ್ಕಾ, ಬಾ. ನಮ್ ರೂಮ್ ನೋಡು."

ಅಕ್ಕ ಕಿಟಕಿ ನೋಡಿದರು. ಒಂದು ಕ್ಷಣ ಏನೋ ಹೇಳುವವರಂತೆ ನಿಂತರು. "ಚೆನ್ನಾಗಿದೆ ಕಣೇ" ಅಂದರು. ಚಪ್ಪಲಿ ಬಿಟ್ಟು ಹಾಸಿಗೆ ಹತ್ತಿ ತಂಗಿಯ ಪಕ್ಕ ಮಲಗಿದರು.

ಮಧ್ಯಾಹ್ನ

ಮಲಗೇ ಇದ್ದಾರೆ. ಏನೇನೋ ಮಾತು. ಯಾವುದೋ ಟೀಚರು, ಯಾವುದೋ ನಾಯಿ, ಸೈಕಲಿನಿಂದ ಬಿದ್ದದ್ದು. ನಡುವೆ ನಿದ್ದೆ. ಅಕ್ಕನ ಕಾರ್ಡಿನಲ್ಲಿ ಎಲ್ಲರಿಗೂ ಅನಾನಸ್ ಸಿಕ್ಕಿಸಿದ ಹಳದಿ ಜ್ಯೂಸು ತರಿಸಿದೆವು. ಅಕ್ಕ ಬಿಸಿನೀರು ಮರೆತು ಎರಡು ಕುಡಿದರು. ನಾನು ಕುರ್ಚಿಯಲ್ಲಿ. ಇಷ್ಟು ಒಳ್ಳೆಯ ದಿನ ನೋಡಿ ಬಹಳ ಕಾಲವಾಗಿತ್ತು.

ಸಂಜೆ

ದೋಣಿಗಳು ವಾಪಸ್ ಬರುತ್ತಿವೆ. ಇವಳು ನನಗೆ ಕಣ್ಸನ್ನೆ ಮಾಡಿದಳು. ಅರ್ಥವಾಯಿತು.

"ಅಕ್ಕಾ, ಮೇಲೆ ಹೋಗಿ ಕಾಫಿ ಕುಡಿಯೋಣ್ವಾ?" ಅಂದೆ.

"ನೀವು ಹೋಗ್ಬನ್ನಿ."

"ಬಾಲ್ಕನಿಯಿಂದ ಸೂರ್ಯ ಮುಳುಗೋದು ನೋಡ್ಬಹುದು..."

"ಇಲ್ಲೇ ಕಾಣತ್ತಲ್ಲ."

ಗರಗರ ಸದ್ದು ಶುರುವಾಯಿತು. ಕಿಟಕಿಯ ಕೆಳಗಂಚಿನಲ್ಲಿ ಕಿತ್ತಳೆ ಬಣ್ಣ. ಇವಳು ಚಂಗನೆ ಎದ್ದು ಪರದೆಗೆ ಕೈ ಹಾಕಿದಳು.

"ಬಿಡೇ" ಅಂದರು ಅಕ್ಕ, ಮಲಗಿದಲ್ಲಿಂದಲೇ. "ಹದಿನಾಲ್ಕನೇ ನಂಬರ್ ತಾನೆ."

ಇವಳ ಕೈ ಪರದೆಯ ಮೇಲೇ ಉಳಿಯಿತು.

"ನೀವು ಬುಕ್ ಮಾಡಿದ ದಿನಾನೇ ಇವ್ರು ಹಡಗಿನ ನಕ್ಷೆ ತೆಗೆದು ನೋಡಿದ್ರು. ಆರನೇ ಮಹಡಿ ಅಂದ್ರೆ ದೋಣಿ ಅಂತ ಕುಣಿದ್ರು. ಕಿಟಕಿ ಬಗ್ಗೆ ಬಾಯಿ ಬಿಟ್ರೆ ನಾನು ಹಡಗೇ ಹತ್ತಲ್ಲ ಅಂದೆ. ಪಾಪ, ಇಷ್ಟು ದಿನ ತಡ್ಕೊಂಡಿದಾರೆ. ರಾತ್ರಿ ನಿದ್ದೇಲಿ ದೋಣಿ ದೋಣಿ ಅಂತಾರೆ."

"ಮತ್ತೆ ದಿನಾ ನೋಡೋಕೆ ಬರ್ತೀನಿ ಅಂತಿದ್ದೆ?"

"ನೋಡೋಕಲ್ಲ ಕಣೇ. ಮಲ್ಕೊಳ್ಳೋಕೆ. ಅಲ್ಲಿ ನನ್ ಕಿವಿಗೆ ಬಿಡುವಿಲ್ಲ. ಈ ಸಮುದ್ರದ ಮುಂದೆ ಕೂರಿಸ್ಕೊಂಡು ಹೋದ ಸಮುದ್ರದ ಕಥೆ ಹೇಳ್ತಾರೆ." ಅಕ್ಕನ ದನಿ ಸಣ್ಣಗಾಯಿತು. "ನೀನು ನೋಡಿದ್ರೆ ನನ್ನ ಬಾಗ್ಲಲ್ಲೇ ನಿಲ್ಲಿಸ್ತಿದ್ದೆ. ಏನು ತಪ್ಪು ಮಾಡಿದ್ನೋ ಅಂದ್ಕೊಂಡೆ."

ಇವಳು ಅತ್ತಳು. ನಡುವೆ ನಕ್ಕಳು. ದೋಣಿ ಪೂರ್ತಿ ಮೇಲೆ ಬಂತು, ಕಿಟಕಿ ತುಂಬಿತು. ನಾವಿಕ ಇಬ್ಬರು ಹೆಂಗಸರನ್ನು ನೋಡಿ ಎರಡು ಸಲ ಕೈ ಬೀಸಿದ.

ಈಗ

ಷಡ್ಡಕರು ಬಂದಿದ್ದಾರೆ. ಬಾಗಿಲಲ್ಲಿ ನಿಂತು ಕಿಟಕಿ ನೋಡಿದರು. ೧೪ ನೋಡಿದರು. ತುಟಿ ಬಿಗಿಹಿಡಿದರು. ಕಿವಿ ಕೆಂಪಾಯಿತು.

"ಹೇಳಿ ಭಾವ. ಪರ್ವಾಗಿಲ್ಲ" ಅಂದಳು ಇವಳು.

ಅವರು ಅಕ್ಕನ ಮುಖ ನೋಡಿದರು. ಅಕ್ಕ ತಲೆಯಾಡಿಸಿದರು. ಷಡ್ಡಕರು ಕುರ್ಚಿ ಎಳೆದು ಕೂತರು. ಕನ್ನಡಕ ತೆಗೆದು ಒರೆಸಿಕೊಂಡರು, ಬೇರೆ ಅಂಗಡಿಯದು. ಒಂದು ದೀರ್ಘ ಉಸಿರು.

ಶುರುವಾಯಿತು. ಮೊದಲನೇ ಹಡಗಲ್ಲಿ ದೋಣಿ ಹಳದಿ, ಮೇಲುಭಾಗ ತೆರೆದದ್ದು. ಎರಡನೆಯದರಲ್ಲಿ ಅರ್ಧ ಕಿಟಕಿಗೆ ಮಾತ್ರ ಅಡ್ಡ. ಅಕ್ಕ ತಂಗಿ ಇಬ್ಬರೂ ಹೊದಿಕೆ ತಲೆಯ ಮೇಲೆ ಎಳೆದುಕೊಂಡು ಒಳಗೆ ಕಿಸಿಕಿಸಿ ನಗುತ್ತಿದ್ದಾರೆ. ಕೇಳಲು ಉಳಿದವನು ನಾನೊಬ್ಬನೇ. ಬರೆಯುವಂತೆ ನಟಿಸುತ್ತಿದ್ದೇನೆ. ಪೆನ್ನು ಇಡಿ ಅನ್ನುತ್ತಿದ್ದಾರೆ. ಮೂರನೇ ಹಡಗಿಗೆ ಬಂದರು, ಅದರ ದೋಣಿಗೆ —